ಕಥೆಯವನ ಸಾವಿಗೆ ಕಣ್ಣೀರು

ಕಥೆಯ ಪಾತ್ರಕ್ಕಾಗಿ ಕಣ್ಣೀರು ಸುರಿಸುವವರನ್ನು ಕಂಡು ನಗುವುದು ಬಹು ಸುಲಭ. "ಅದು ಬರಿಯ ಕಥೆಯಪ್ಪ, ಸತ್ತವನು ಈಗಾಗಲೇ ಬಣ್ಣ ತೊಳೆದುಕೊಂಡು ಮನೆಯಲ್ಲಿ ಊಟಕ್ಕೆ ಕುಳಿತಿದ್ದಾನೆ" ಎಂದು ಬುದ್ಧಿ ಹೇಳುವ ಮಹನೀಯರೊಬ್ಬರು ಪ್ರತಿ ಮನೆಯಲ್ಲಿಯೂ ಇದ್ದೇ ಇರುತ್ತಾರೆ. ಹಾಗೆ ಬುದ್ಧಿ ಹೇಳಿದವರೇ, ವಾರದ ಸಂಚಿಕೆ ಬಂದೊಡನೆ ಎಲ್ಲರಿಗಿಂತ ಮೊದಲು ಧಾರಾವಾಹಿಯ ಪುಟವನ್ನು ಬಿಡಿಸುತ್ತಾರೆಂಬುದು ಬೇರೆ ಮಾತು. ಕಥೆ ಸುಳ್ಳೆಂಬುದು ಅಳುವವರಿಗೂ ಗೊತ್ತು. ಗೊತ್ತಿದ್ದೂ ಅಳು ಬರುವುದೇಕೆ, ಬಂದ ಅಳುವಿಗೆ ಬೆಲೆಯೇನು ಎಂಬುದೇ ವಿಚಾರ ಮಾಡತಕ್ಕ ಪ್ರಶ್ನೆ. ಅಮೆರಿಕದ ಟೆಲಿವಿಷನ್ನಿನ ಇತಿಹಾಸದಲ್ಲಿ ಈ ಪ್ರಶ್ನೆ ಸಾವಿರಾರು ಮನೆಗಳಲ್ಲಿ ಒಮ್ಮೆಗೇ ಎದ್ದ ಒಂದು ಸಂಜೆಯುಂಟು.

ಅದು 1975ನೆಯ ಇಸವಿ ಮಾರ್ಚ್ 18, ಮಂಗಳವಾರ. ಸಿ.ಬಿ.ಎಸ್. ಜಾಲದಲ್ಲಿ ಅಂದು 'ಮ್ಯಾಶ್' ಎಂಬ ವೈದ್ಯಕೀಯ ಧಾರಾವಾಹಿಯ ಮೂರನೆಯ ಮಾಲೆಯ ಕೊನೆಯ ಕಂತು ಪ್ರಸಾರವಾಯಿತು. ರಣರಂಗದ ಬೆನ್ನಿಗೇ ಡೇರೆಗಳಲ್ಲಿ ನಡೆಯುವ ಸಂಚಾರಿ ಸೈನಿಕ ಶಸ್ತ್ರಚಿಕಿತ್ಸಾಲಯವನ್ನು ಸೂಚಿಸುವ ಸಂಕ್ಷಿಪ್ತ ಹೆಸರು ಅದು. ಕೊರಿಯಾ ಯುದ್ಧದಲ್ಲಿ ಅಂತಹ ಆಸ್ಪತ್ರೆಯಲ್ಲಿ ದುಡಿದ ಶಸ್ತ್ರವೈದ್ಯರೊಬ್ಬರು ರಿಚರ್ಡ್ ಹುಕರ್ ಎಂಬ ಕಾವ್ಯನಾಮದಲ್ಲಿ 1968ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ. 1970ರಲ್ಲಿ ಅದು ಚಲನಚಿತ್ರವಾಯಿತು. 1972ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಅರ್ಧ ಗಂಟೆಯ ಧಾರಾವಾಹಿಯಾಗಿ ಆರಂಭವಾಯಿತು.

ಕೊರಿಯಾ ಯುದ್ಧವೆಂದರೆ ನಮಗೆ ಸಂಬಂಧವಿಲ್ಲದ ದೂರದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ದೇಶ ಅಲ್ಲಿಗೆ ಬಂದೂಕು ಹಿಡಿದ ಸೈನ್ಯವನ್ನು ಕಳುಹಿಸದೆ, ವೈದ್ಯರ ದಳವನ್ನು ಕಳುಹಿಸಿತು. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನಾಯಕತ್ವದ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ದಳ 1950ರ ನವೆಂಬರಿನಲ್ಲಿ ಕೊರಿಯಾವನ್ನು ಸೇರಿತು. 1951ರ ಮಾರ್ಚಿಯಲ್ಲಿ ಅದರ ಒಂದು ತುಕಡಿ ಅಮೆರಿಕನ್ ಸೈನಿಕರೊಂದಿಗೆ ವಿಮಾನದಿಂದ ಧುಮುಕಿ ಮುನ್ಸಾನಿಯ ಬಯಲಿನಲ್ಲಿ ಗಾಯಾಳುಗಳ ಆರೈಕೆ ನಡೆಸಿತು. 1953ರಲ್ಲಿ ಕದನ ನಿಂತ ಮೇಲೆ, ಸೆರೆಯಾಳುಗಳನ್ನು ಅವರವರ ಇಚ್ಛೆಯರಿತು ಕಳುಹಿಸಿಕೊಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಈ ಕಥೆಯ ಡೇರೆಗಳನ್ನು ಹೋಲುವ ನಿಜವಾದ ಡೇರೆಗಳಲ್ಲಿ ನಮ್ಮವರ ಕೈಗಳೂ ರಕ್ತದಲ್ಲಿ ತೋಯ್ದಿವೆ.

ಇನ್ನು ಕಥೆಗೆ ಬರೋಣ. ಆ ಡೇರೆ ಆಸ್ಪತ್ರೆಯ ಮುಖ್ಯಾಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೆನ್ರಿ ಬ್ಲೇಕ್. ಇಲಿನಾಯ್ ಪ್ರಾಂತದ ಬ್ಲೂಮಿಂಗ್‌ಟನ್ ಎಂಬ ಊರಿನವನು. ಮೀನು ಹಿಡಿಯುವವರ ಟೋಪಿಯೊಂದನ್ನು ತಲೆಗೇರಿಸಿ, ಅಧಿಕಾರ ಚಲಾಯಿಸಲು ಬಾರದೆ ತಡವರಿಸುವ ಸಾಧು ಮನುಷ್ಯ. ಅವನು ಬಾಯಿ ತೆರೆಯುವ ಮುನ್ನವೇ ಅವನ ಮನಸ್ಸನ್ನರಿತು ಕಾಗದಪತ್ರ ತಂದಿಡುವ ಗುಮಾಸ್ತ, 'ರಡಾರ್' ಎಂದು ಎಲ್ಲರೂ ಕರೆಯುವ ಎಳೆಯ ಸೈನಿಕ. ತಂದೆಯಂತಹ ಅಧಿಕಾರಿ, ಮಗನಂತಹ ಗುಮಾಸ್ತ. ಇವರ ಜೋಡಿಯನ್ನು ನೋಡಿ ನಗುವುದು ಅಮೆರಿಕದ ಕುಟುಂಬಗಳಿಗೆ ಮೂರು ವರ್ಷಗಳ ಅಭ್ಯಾಸವಾಗಿ ಹೋಗಿತ್ತು.

ಹೆನ್ರಿಯ ಪಾತ್ರ ವಹಿಸಿದ್ದ ಮೆಕ್ಲೀನ್ ಸ್ಟೀವನ್‌ಸನ್ ಎಂಬ ನಟ ಧಾರಾವಾಹಿಯನ್ನು ಬಿಡುವ ನಿರ್ಧಾರ ಮಾಡಿದ. ಆದಕಾರಣ ಆ ಕಂತಿನಲ್ಲಿ ಹೆನ್ರಿಗೆ ಸೈನ್ಯದಿಂದ ಬಿಡುಗಡೆಯಾಯಿತು. ಸಹೋದ್ಯೋಗಿಗಳು ಅವನಿಗೆ ಹೊಸ ಸೂಟೊಂದನ್ನು ಉಡುಗೊರೆಯಾಗಿ ಕೊಟ್ಟರು. ನಗೆ, ಕುಡಿತ, ತಮಾಷೆ ಎಲ್ಲವೂ ನಡೆದುವು. ಹೆಲಿಕಾಪ್ಟರ್ ಹತ್ತಲು ಹೊರಟವನು, ದೂರದಲ್ಲಿ ಒಬ್ಬನೇ ನಿಂತು ವಂದಿಸುತ್ತಿದ್ದ ರಡಾರನನ್ನು ಕಂಡು ಓಡಿಬಂದು ಅಪ್ಪಿಕೊಂಡ. ಕಂತು ಅಲ್ಲಿಗೇ ಮುಗಿದಿದ್ದರೆ ಯಾರೂ ಯಾವ ಕಾಗದವನ್ನೂ ಬರೆಯುತ್ತಿರಲಿಲ್ಲ.

ಅನಂತರ ಬಂದದ್ದು ಶಸ್ತ್ರಚಿಕಿತ್ಸೆಯ ಕೊಠಡಿಯ ದೃಶ್ಯ. ವೈದ್ಯರೆಲ್ಲರೂ ಗಾಯಾಳುಗಳ ಮೇಲೆ ಬಾಗಿ ಕೆಲಸದಲ್ಲಿ ಮುಳುಗಿದ್ದಾರೆ. ರಡಾರ್ ಒಳಗೆ ಬರುತ್ತಾನೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ಅವನಿಗೆ ಒಬ್ಬ ವೈದ್ಯ ಹೇಳುತ್ತಾನೆ. ಅವನು ಕೈಯಲ್ಲಿರುವ ಸಂದೇಶವನ್ನು ಓದುತ್ತಾನೆ: ಹೆನ್ರಿ ಬ್ಲೇಕ್ ಪ್ರಯಾಣ ಮಾಡುತ್ತಿದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಶತ್ರುಗಳು ಹೊಡೆದುರುಳಿಸಿದರು, ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಅಷ್ಟೇ. ಯಾರೂ ಕೂಗಲಿಲ್ಲ, ಯಾರೂ ಎದೆ ಬಡಿದುಕೊಳ್ಳಲಿಲ್ಲ. ಕಣ್ಣು ತುಂಬಿದ ವೈದ್ಯರ ಕೈಗಳು ಹೊಲಿಗೆಯನ್ನು ಮುಂದುವರಿಸಿದುವು. ಎಲ್ಲಿಯೋ ಒಂದು ಉಪಕರಣ ಕೈಜಾರಿ ಬಿದ್ದ ಸದ್ದು ಕೇಳಿತು.

ಈ ದೃಶ್ಯದ ಹಿಂದಿನ ಕಥೆಯೂ ತಿಳಿಯತಕ್ಕದ್ದೇ. ಕಂತನ್ನು ನಿರ್ದೇಶಿಸಿದವರು ಧಾರಾವಾಹಿಯ ರೂವಾರಿ ಲ್ಯಾರಿ ಗೆಲ್‌ಬಾರ್ಟ್. ನಟರ ಕೈಗೆ ಬಂದ ಪ್ರತಿಯಲ್ಲಿ ಈ ಕೊನೆಯ ಪುಟವೇ ಇರಲಿಲ್ಲ. ಉಳಿದ ಚಿತ್ರೀಕರಣವೆಲ್ಲ ಮುಗಿದ ಮೇಲೆ ಗೆಲ್‌ಬಾರ್ಟ್ ಆ ಪುಟವನ್ನು ನಟರಿಗೆ ಕೊಟ್ಟರು; ಅಲನ್ ಆಲ್ಡಾ ಒಬ್ಬನಿಗೆ ಮಾತ್ರ ಮೊದಲೇ ತಿಳಿದಿತ್ತು. ಹಿನ್ನೆಲೆಯಲ್ಲಿ ನಿಂತ ಚಿಕ್ಕಪುಟ್ಟ ಪಾತ್ರಧಾರಿಗಳಿಗೆ ಸುದ್ದಿ ಗೊತ್ತಾದದ್ದು ರಡಾರನ ಪಾತ್ರದ ಗ್ಯಾರಿ ಬರ್ಗಾಫ್ ಅದನ್ನು ಓದಿದಾಗಲೇ. ದೃಶ್ಯವನ್ನು ಎರಡನೆಯ ಬಾರಿ ತೆಗೆಯಬೇಕಾಗಿ ಬಂದಾಗ ಉಪಕರಣವೊಂದು ಅಕಸ್ಮಾತ್ತಾಗಿ ಕೆಳಗೆ ಬಿದ್ದಿತು. ಯಾರೂ ಬರೆಯದಿದ್ದ ಆ ಸದ್ದನ್ನು ಗೆಲ್‌ಬಾರ್ಟ್ ಹಾಗೆಯೇ ಉಳಿಸಿಕೊಂಡರು.

ಧಾರಾವಾಹಿಯ ಕಚೇರಿಗೆ ಸಾವಿರಕ್ಕೂ ಹೆಚ್ಚು ಕಾಗದಗಳು ಬಂದುವು. ಮೆಚ್ಚಿದವರೂ ಇದ್ದರು, ಕೋಪಗೊಂಡವರು, ಇನ್ನು ಮುಂದೆ ನೋಡುವುದಿಲ್ಲವೆಂದು ಶಪಥ ಮಾಡಿದವರು ಬಹುಮಂದಿ. ಕೆಲವು ದಿನಗಳಲ್ಲಿ ಬೇರೊಂದು ವಿನೋದ ಕಾರ್ಯಕ್ರಮದಲ್ಲಿ ಅದೇ ನಟ ತೆಪ್ಪವೊಂದರ ಮೇಲೆ ನಿಂತು, ತಾನು ಬದುಕಿದ್ದೇನೆಂದು ಕೈಬೀಸಿ ಕೂಗುವ ಹಾಸ್ಯವೂ ಬಂದಿತು. ಅದನ್ನು ಕಂಡು ನಕ್ಕವರ ನಗುವಿನಲ್ಲಿ 'ಹಾಗೆಯೇ ಆಗಿದ್ದರೆ!' ಎಂಬ ಒಂದು ಹಾರೈಕೆ ಇದ್ದಿರಲೇಬೇಕು.

ಇಷ್ಟೊಂದು ಸಂಕಟಕ್ಕೆ ಕಾರಣವೇನು? ನಮ್ಮ ಆಲಂಕಾರಿಕರು ಶೋಕವೆಂಬ ಭಾವ ಕಾವ್ಯದಲ್ಲಿ ಕರುಣರಸವಾಗಿ ಆಸ್ವಾದ್ಯವಾಗುತ್ತದೆಂದು ಹೇಳಿದ್ದಾರೆ. ನಾಟಕವೊಂದರಲ್ಲಿ ಆ ಮಾತು ಸತ್ಯ. ಒಂದು ರಾತ್ರಿ ಅತ್ತು, ಹಗುರವಾದ ಮನಸ್ಸಿನಿಂದ ಮನೆಗೆ ಬರುತ್ತೇವೆ. ಆದರೆ ಧಾರಾವಾಹಿಯ ರೀತಿ ಬೇರೆ. ಅಲ್ಲಿ ನಾವು ಪಾತ್ರವನ್ನು ನೋಡಲು ಹೋಗುವುದಿಲ್ಲ. ಪಾತ್ರವೇ ನಮ್ಮ ಮನೆಗೆ ಬರುತ್ತದೆ. ವಾರವಾರವೂ ಗೊತ್ತಾದ ಹೊತ್ತಿಗೆ ಬಂದು, ಊಟದ ಹೊತ್ತಿನಲ್ಲಿ ಮಕ್ಕಳ ನಡುವೆ ಕುಳಿತು, ನಕ್ಕು ನಗಿಸಿ ಹೋಗುವ ನಂಟನಂತೆ ಅದು. ಮೂರು ವರ್ಷ ಬಂದುಹೋದ ನಂಟ ಸತ್ತನೆಂದರೆ ರಸಾಸ್ವಾದಕ್ಕೆ ಬೇಕಾದ ದೂರ ಎಲ್ಲಿ ಉಳಿಯುತ್ತದೆ? ಕಾಗದ ಬರೆದ ಜನ ಕರುಣರಸವನ್ನು ಸವಿಯುತ್ತಿರಲಿಲ್ಲ. ಅವರ ಮನೆಗಳಲ್ಲಿ ಸೂತಕವೇ ಬಂದಿತ್ತು.

ಎರಡನೆಯದು, ನಂಬಿಕೆಯ ಭಂಗ. ಆ ಕಾಲದ ಅಮೆರಿಕದ ಹಾಸ್ಯ ಕಾರ್ಯಕ್ರಮಗಳಲ್ಲಿ ನೋಡುವವರನ್ನು ಹುರಿದುಂಬಿಸಲು ಧ್ವನಿಮುದ್ರಿತ ನಗೆಯನ್ನು ಸೇರಿಸುವ ಪದ್ಧತಿಯಿತ್ತು. ಮ್ಯಾಶ್ ತಯಾರಕರಿಗೆ ಅದು ಸರಿಬೀಳದಿದ್ದರೂ ಜಾಲದವರು ಒತ್ತಾಯ ಮಾಡಿದರು. ಕಡೆಗೆ ಒಂದು ರಾಜಿಯಾಯಿತು: ಉಳಿದೆಡೆ ಆ ನಗೆ ಇರಲಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮಾತ್ರ ಬೇಡ. ರಡಾರ್ ಸುದ್ದಿ ತಂದದ್ದು ಆ ನಗೆ ಕಾಲಿಡದ ಕೊಠಡಿಗೆ. ಆದರೂ ನೋಡುವವರು ತಾವು ಕುಳಿತಿರುವುದು ನಗುವುದಕ್ಕಾಗಿ ಎಂದೇ ನಂಬಿದ್ದರು. ಹೊಸ ಸೂಟು ಹೊಲಿಸಿಕೊಟ್ಟು, ಅಪ್ಪುಗೆ ಕೊಟ್ಟು, ಊರಿಗೆ ಕಳುಹಿಸಿದ ಮೇಲೆ ಕೊಲ್ಲುವುದು ಮೋಸವಲ್ಲವೇ ಎಂಬುದೇ ಅವರ ಆಕ್ಷೇಪಣೆ.

ಮೋಸವೆಂದು ಒಪ್ಪಬಹುದು. ಆದರೆ ಆ ಮೋಸ ಯಾರದು? ಅನೇಕ ಕಾಗದಗಳಿಗೆ ಗೆಲ್‌ಬಾರ್ಟ್ ಮತ್ತು ನಿರ್ಮಾಪಕ ಜೀನ್ ರೆನಾಲ್ಡ್ಸ್ ತಾವೇ ಕುಳಿತು ಉತ್ತರ ಬರೆದರು. ಯುದ್ಧಕ್ಕೆ ಹೋದವರೆಲ್ಲರೂ ತಮ್ಮ ತಮ್ಮ ಬ್ಲೂಮಿಂಗ್‌ಟನ್ನಿಗೆ ಹಿಂದಿರುಗಲಿಲ್ಲವೆಂಬುದೇ ಅವರ ಸಮಾಧಾನದ ತಿರುಳು. ವಿಯೆಟ್ನಾಮಿನ ಯುದ್ಧ ಆಗ ಕಡೆಯ ದಿನಗಳನ್ನು ಕಾಣುತ್ತಿತ್ತು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರ ಸಂಖ್ಯೆ 58,000ಕ್ಕೂ ಹೆಚ್ಚು. ಅಷ್ಟು ಮನೆಗಳ ಬಾಗಿಲಿಗೆ ಇಂತಹದೇ ಒಂದು ಸುದ್ದಿ, ಯಾವ ಪೀಠಿಕೆಯೂ ಇಲ್ಲದೆ ಬಂದಿತ್ತು. ಸಾವು ನಿಜಜೀವನದಲ್ಲಿ ಕಥೆಗಾರನಿಗಿಂತ ಹೆಚ್ಚು ಮೋಸಗಾರ. ಟಿಕೇಟು ಕೈಗೆ ಬಂದವನನ್ನೂ ಅದು ಬಿಡುವುದಿಲ್ಲ.

ಓದುಗರ ಕೋಪಕ್ಕೆ ಮಣಿದ ಲೇಖಕರೂ ಉಂಟು. ಸ್ವತಃ ವೈದ್ಯನಾಗಿದ್ದ ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಕೆಡವಿ, ಹತ್ತು ವರ್ಷಗಳ ಬಳಿಕ 1903ರಲ್ಲಿ ಅವನನ್ನು ಬದುಕಿಸಿ ತಂದ. ಓದುಗರು ಸಂತೋಷಪಟ್ಟರು. ಹೋಮ್ಸನಂತಹ ಅಸಾಧಾರಣನಿಗೆ ಅದು ಒಪ್ಪುತ್ತದೆ. ಆದರೆ ಹೆನ್ರಿ ಬ್ಲೇಕ್ ಸಾಧಾರಣ ಮನುಷ್ಯ. ಅವನು ಹಿಂದಿರುಗಿದ್ದರೆ, ಹಿಂದಿರುಗದ ಸಾಧಾರಣರ ತಾಯಂದಿರಿಗೆ ಅದು ಅಪಹಾಸ್ಯವಾಗುತ್ತಿತ್ತು. ಗೆಲ್‌ಬಾರ್ಟ್ ಬಳಗ ಅವನನ್ನು ಬದುಕಿಸಲಿಲ್ಲ. ಅದೇ ಸರಿಯೆಂದು ನನ್ನ ಅಭಿಪ್ರಾಯ.

ಇಲ್ಲಿಯೇ ಒಂದು ಕಠಿಣವಾದ ಪ್ರಶ್ನೆ ಎದ್ದು ನಿಲ್ಲುತ್ತದೆ. ಆ ಕಂತು ಬಂದು ಮೂರು ವಾರ ತುಂಬುವ ಮೊದಲೇ, 1975ರ ಏಪ್ರಿಲ್ 4ರಂದು, ವಿಯೆಟ್ನಾಮಿನ ಅನಾಥ ಮಕ್ಕಳನ್ನು ಹೊತ್ತು ಸೈಗಾನಿನಿಂದ ಹೊರಟ ಅಮೆರಿಕದ ಭಾರೀ ಸೈನಿಕ ವಿಮಾನವೊಂದು ನೆಲಕ್ಕಪ್ಪಳಿಸಿತು. ಸತ್ತವರು 138 ಮಂದಿ. ಅವರಲ್ಲಿ 78 ಮಕ್ಕಳು. ಹೆನ್ರಿಯ ವಿಮಾನ ಕಲ್ಪನೆಯದು, ಈ ವಿಮಾನ ನಿಜದ್ದು. ಮೊದಲನೆಯದಕ್ಕೆ ಕಾಗದ ಬರೆದ ಸಾವಿರ ಕೈಗಳು ಎರಡನೆಯದಕ್ಕೂ ಲೇಖನಿ ಹಿಡಿದುವೇ ಎಂದು ಕೇಳುವವರು ಕೇಳಬಹುದು. ಬುದ್ಧಿ ಹೇಳುವ ಮಹನೀಯರಿಗೆ ಇದು ಒಳ್ಳೆಯ ಅಸ್ತ್ರ: "ನೋಡಿದಿರಾ? ಸುಳ್ಳಿಗೆ ಅಳುವವರು ನಿಜಕ್ಕೆ ಅಳುವುದಿಲ್ಲ."

ಈ ವಾದದಲ್ಲಿ ಅರ್ಧ ಸತ್ಯವಿದೆ. ನೂರು ಮಂದಿ ಸತ್ತರೆಂಬ ಸುದ್ದಿಯನ್ನು ಓದಿ ಕಾಫಿ ಹೀರುವವರೇ ನಾವೆಲ್ಲರೂ. ಆದರೆ ಅದು ಕಥೆಯ ದೋಷವಲ್ಲ, ಪರಿಚಯವಿಲ್ಲದ್ದರ ಫಲ. ಹೆನ್ರಿಯ ಟೋಪಿಯನ್ನು ನಾವು ಬಲ್ಲೆವು, ಅವನ ತಡವರಿಕೆಯನ್ನು ಬಲ್ಲೆವು. ಆ 78 ಮಕ್ಕಳಲ್ಲಿ ಯಾವ ಮಗು ಯಾವ ಹಾಡಿಗೆ ನಿದ್ದೆ ಹೋಗುತ್ತಿತ್ತೆಂದು ನಮಗೆ ಹೇಳಿದವರಾರು? ಹೇಳಿದ್ದರೆ ಅದಕ್ಕೂ ಎದೆ ಬಿರಿಯುತ್ತಿತ್ತು. ಪತ್ರಿಕೆ ನಮಗೆ ಸತ್ತವರ ಎಣಿಕೆಯನ್ನು ಕೊಡುತ್ತದೆ. ಕಥೆ ಒಬ್ಬನ ಮುಖವನ್ನು ಕೊಡುತ್ತದೆ. ಮನುಷ್ಯನ ಹೃದಯಕ್ಕೆ ಎಣಿಕೆ ಬಾರದು, ಮುಖದ ಗುರುತು ಬರುತ್ತದೆ.

ಹಾಗಾದರೆ ಕಥೆಗಾಗಿ ಸುರಿದ ಕಣ್ಣೀರು ದಂಡವೇ? ಒಂದು ಷರತ್ತಿನ ಮೇಲೆ ದಂಡವಲ್ಲ. ಹೆನ್ರಿ ಬ್ಲೇಕನಿಗಾಗಿ ಅತ್ತ ತಾಯಿ, ನೆರೆಮನೆಯಲ್ಲಿ ನಿಜವಾಗಿಯೂ ಮಗನನ್ನು ಕಳೆದುಕೊಂಡವಳ ಮುಖವನ್ನು ಮರುದಿನ ಸ್ವಲ್ಪ ಬೇರೆ ಕಣ್ಣಿನಿಂದ ನೋಡಿದಳಾದರೆ, ಆ ಕಣ್ಣೀರು ಸಾರ್ಥಕ. ಕಣ್ಣೊರೆಸಿಕೊಂಡು, ತಯಾರಕರನ್ನು ಬೈದು ಮಲಗಿದಳಾದರೆ ಅದು ಬರಿಯ ಉಪ್ಪುನೀರು. ಕಥೆಗಾರ ನೆಲವನ್ನು ಉತ್ತುಕೊಡಬಲ್ಲ. ಬಿತ್ತುವುದು ನಮ್ಮ ಕೆಲಸ.

ಮ್ಯಾಶ್ ಧಾರಾವಾಹಿ ಮೂರು ವರ್ಷದ ಯುದ್ಧವನ್ನು ಹನ್ನೊಂದು ಮಾಲೆಗಳವರೆಗೆ ನಡೆಸಿ, 1983ರ ಫೆಬ್ರವರಿ 28ರಂದು ಮುಗಿಯಿತು. ಎರಡೂವರೆ ಗಂಟೆಯ ಆ ಕಡೆಯ ಕಂತನ್ನು ಅಮೆರಿಕದಲ್ಲಿ ಸುಮಾರು 10 ಕೋಟಿ 60 ಲಕ್ಷ ಜನ ನೋಡಿದರೆಂದು ಲೆಕ್ಕ. ಹೆಲಿಕಾಪ್ಟರಿನಲ್ಲಿ ಮೇಲೇರಿದ ವೈದ್ಯನಿಗೆ, ಗೆಳೆಯನು ನೆಲದ ಮೇಲೆ ಕಲ್ಲುಗಳಿಂದ ಬರೆದಿಟ್ಟ ವಿದಾಯದ ಮಾತು ಕಾಣುತ್ತದೆ. ಅಂದು ಮುಖ್ಯ ಪಾತ್ರಗಳಲ್ಲಿ ಯಾರೂ ಸಾಯಲಿಲ್ಲ. ಬಹುಮಂದಿ ಮನೆಗೆ ಹೊರಟರು. ಆದರೂ ಜನ ಕಣ್ಣೊರೆಸಿಕೊಂಡರು. ಹೊರಡುವ ವಿಮಾನವೆಲ್ಲ ಊರು ಸೇರುವುದಿಲ್ಲವೆಂಬ ಪಾಠವನ್ನು ಎಂಟು ವರ್ಷಗಳ ಹಿಂದೆಯೇ ಹೆನ್ರಿ ಬ್ಲೇಕ್ ಕಲಿಸಿ ಹೋಗಿದ್ದನಲ್ಲ! ಸುಖವಾಗಿ ಮನೆ ತಲುಪುವುದೂ ಒಂದು ಭಾಗ್ಯವೆಂದು ತಿಳಿದವರ ಕಣ್ಣೀರು ಅದು.

ನಿಮ್ಮ ಮನೆಯಲ್ಲಿ ಯಾರಾದರೂ ಧಾರಾವಾಹಿಯ ಕೊನೆಯ ಪುಟವನ್ನೋದಿ ಮೂಗೊರೆಸಿಕೊಳ್ಳುತ್ತಿದ್ದರೆ, ವಾಚಕ ಮಹಾಶಯರೇ, ಗೇಲಿ ಮಾಡಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ. ಅನಂತರ ಬೇಕಾದರೆ ಪುಸ್ತಕವನ್ನು ನೀವೂ ಕೇಳಿ ಪಡೆಯಿರಿ.