ಸಾಯಲೊಲ್ಲದ ಜೀವಕಣ

ನೆಲೋಗಿಯ ಕಡೆ ಫಾಲ್ಗುಣದಲ್ಲಿ ಬೇವಿನ ಮರವು ತನ್ನ ಎಲೆಗಳನ್ನು ತಾನೇ ಉದುರಿಸುವುದನ್ನು ವಾಚಕರು ಬಲ್ಲರು. ಹಬ್ಬಕ್ಕೆಂದು ಬಾಗಿಲಿಗೆ ಸಿಕ್ಕಿಸಿದ ಮಾವಿನ ಟೊಂಗೆಯ ಎಲೆಗಳಾದರೋ ಒಣಗಿ ಸುರುಟಿದರೂ ಕಳಚುವುದಿಲ್ಲ. ಎಲೆಯನ್ನು ಉದುರಿಸುವುದು ಬದುಕಿರುವ ಮರದ ಕೆಲಸವೇ ಹೊರತು ಸತ್ತ ಟೊಂಗೆಯದಲ್ಲ.

ನಮ್ಮ ದೇಹದಲ್ಲಿಯೂ ಇಂಥ ಎಲೆಯುದುರು ಉಂಟು. ವೇಳೆ ಮುಗಿದ ಜೀವಕಣವು ಮುದುಡಿ, ಚೂರುಚೂರಾಗಿ, ನೆರೆಯ ಕಣಗಳ ಪಾಲಾಗಿ ಹೋಗುತ್ತದೆ, ಬಾವಿಲ್ಲ, ಕೀವಿಲ್ಲ. 1972ರಲ್ಲಿ ಕೆರ್, ವೈಲಿ, ಕರೀ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದೆಂದೇ ಅದರ ಅರ್ಥ.

ತಾಯಂದಿರು ಇದನ್ನು ತಮ್ಮ ಮೈಯಲ್ಲಿಯೇ ಕಂಡಿರುವರು. ಕೂಸು ಮೊಲೆ ಬಿಟ್ಟ ಮೇಲೆ ಎದೆ ಕೆಲವು ದಿನ ಬಿಗಿದು, ಬಳಿಕ ಇಳಿಯುವುದಷ್ಟೆ. ಹಾಲನ್ನು ತಯಾರಿಸುತ್ತಿದ್ದ ಅಸಂಖ್ಯ ಕಣಗಳು ಆಗ ಹೀಗೆಯೇ ಉದುರಿಹೋಗುತ್ತವೆ.

ಸ್ತನದ ಅರ್ಬುದದಲ್ಲಿ, ಎಂದರೆ ಕ್ಯಾನ್ಸರಿನಲ್ಲಿ, ಈ ಕ್ರಮ ಕೆಡುತ್ತದೆ. ಕಣಗಳು ಮಿತಿಮೀರಿ ಹುಟ್ಟುವುದು ಒಂದು ಕೇಡು. ಸಾಯಬೇಕಾದವು ಸಾಯದಿರುವುದು ಇನ್ನೊಂದು. ಪಿ-53 ಎಂಬ ಪ್ರೋಟೀನು ಕೆಟ್ಟ ಕಣವನ್ನು ತಡೆದು ನಿಲ್ಲಿಸಿ, ತಿದ್ದಲಾಗದಿದ್ದರೆ ಸಾವಿನ ದಾರಿಗೆ ಹಚ್ಚುವ ಕಾವಲುಗಾರ. ಅನೇಕ ಗಡ್ಡೆಗಳಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ. ಬಿಸಿಎಲ್-2 ಎಂಬುದು ಕಣದ ಸಾವಿಗೆ ಅಡ್ಡ ನಿಲ್ಲುವಂಥದು. ಅದು ಹೆಚ್ಚಾದಲ್ಲಿ ರೋಗವೂ ಉಗ್ರವಾಗಬೇಕೆಂದು ನಾವು ಎಣಿಸುತ್ತೇವೆ. ಆದರೆ ಸ್ತನದ ಗಡ್ಡೆಗಳಲ್ಲಿ ಅನೇಕ ವೇಳೆ ಅದು ಹೆಚ್ಚಿದ್ದವುಗಳೇ ಸೌಮ್ಯವಾಗಿರುವುದು ಕಂಡುಬಂದಿದೆ. ದೇಹವು ನಮ್ಮ ತರ್ಕವನ್ನು ಕೇಳಿ ನಡೆಯುವುದಿಲ್ಲ!

ಚಿಕಿತ್ಸೆಯ ಬಹುಭಾಗ ಮರೆತ ಸಾವನ್ನು ಕಣಕ್ಕೆ ನೆನಪಿಸುವ ಯತ್ನವೇ. ವಿಕಿರಣವೂ ಅನೇಕ ಔಷಧಗಳೂ ಕಣದ ಒಳಗನ್ನು ಘಾಸಿಗೊಳಿಸಿ ಅದನ್ನು ಆ ದಾರಿಗೆ ತಳ್ಳುತ್ತವೆ. ಹೆಣ್ಣಿನ ಹಾರ್ಮೋನಿನ ಆಸರೆಯಿಂದ ಬೆಳೆಯುವ ಗಡ್ಡೆಗಳಿಗೆ ಟ್ಯಾಮೊಕ್ಸಿಫೆನ್ ಆ ಆಸರೆಯನ್ನೇ ತಪ್ಪಿಸುತ್ತದೆ.

ಮೊಲೆ ಬಿಡಿಸಿದ ಮೇಲೆ ಗಂಟು ಉಳಿದರೆ ‘ಹಾಲು ಕಟ್ಟಿದೆ, ಇಳಿದೀತು’ ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಉಂಟು. ಹಾಲು ಕಟ್ಟಿದ ಗಂಟು ಸಾಮಾನ್ಯವಾಗಿ ನೋಯುತ್ತದೆ, ಕೆಲ ದಿನಗಳಲ್ಲಿ ಇಳಿಯುತ್ತದೆ. ಅರ್ಬುದದ ಗಂಟು ಬಹಳ ಸಲ ನೋಯುವುದೇ ಇಲ್ಲ, ಇಳಿಯುವುದೂ ಇಲ್ಲ. ನೋವಿಲ್ಲವೆಂದು ಒಬ್ಬಳು ಸುಮ್ಮನಿರುತ್ತಾಳೆ, ನಾಚಿಕೆಯಿಂದ ಇನ್ನೊಬ್ಬಳು ಮುಚ್ಚಿಡುತ್ತಾಳೆ. ಗಡ್ಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ಇಂಥ ಗಂಟು ಕಂಡ ನೆಲೋಗಿಯ ಹೆಣ್ಣುಮಗಳು 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯವರೆಗೆ ಹೋಗಲೇಬೇಕೆಂದಿಲ್ಲ. ಅದರ ಕೇಂದ್ರವೊಂದು ಕಲಬುರಗಿಯಲ್ಲಿಯೇ ಇದೆ.