ಥ್ರೀ ನಾಟ್ ಥ್ರೀ ಹಿಡಿದ ಕೈಗಳ ನೆನಪು

ಎಂಬತ್ತರ ದಶಕದ ಕೊನೆಯಲ್ಲಿ ಉತ್ತರ ಕರ್ನಾಟಕದ ಉಪವಿಭಾಗವೊಂದರಲ್ಲಿ ನಾನು ಅಧಿಕಾರಿಯಾಗಿದ್ದೆ. ಜಮೀನು ಮಂಜೂರಾತಿಗಾಗಿ ಅರ್ಜಿ ಹಿಡಿದು ಬಂದಿದ್ದ ಮಾಜಿ ಸೈನಿಕರೊಬ್ಬರು ನನ್ನೊಡನೆ ಮಾತನಾಡುತ್ತಲೇ ಖಜಾನೆಯ ಬಾಗಿಲಲ್ಲಿ ನಿಂತಿದ್ದ ಕಾವಲಿನ ಪೇದೆಯನ್ನು ನೋಡುತ್ತಿದ್ದರು. ‘ಸಾಹೇಬ್ರ, ಆ ಬಂದೂಕಿನ ಬೋಲ್ಟ್ ಎಣ್ಣಿ ಕಂಡು ವರ್ಷ ಆಗಿರಬೇಕ್ರಿ’ ಎಂದರು. ಅರ್ಜಿಯ ವಿಚಾರ ಅಲ್ಲಿಗೆ ನಿಂತಿತು.

ಅದು .303 ಲೀ ಎನ್‌ಫೀಲ್ಡ್. ಜನರ ಬಾಯಲ್ಲಿ ‘ಥ್ರೀ ನಾಟ್ ಥ್ರೀ’. ಸುಮಾರು ನಾಲ್ಕು ಕಿಲೋ ತೂಕದ ಆ ರೈಫಲನ್ನು ತಲೆಯ ಮೇಲೆ ಎತ್ತಿಹಿಡಿದು ಮೈದಾನ ಸುತ್ತಿದ್ದನ್ನು ಅವರು ವಿವರಿಸಿದರು. ಗುರಿ ಹಿಡಿದಾಗ ನಳಿಗೆಯ ತುದಿಯಲ್ಲಿ ಉಸ್ತಾದ್ ಒಂದು ನಾಣ್ಯ ಇಡುತ್ತಿದ್ದರಂತೆ. ಕುದುರೆ ಎಳೆದಾಗ ಅದು ಬಿದ್ದರೆ ಮತ್ತೊಂದು ಸುತ್ತು ಓಟ. ಗುಂಡು ಹಾರಿಸಿದ ದಿನ ನಳಿಗೆಗೆ ಕುದಿಯುವ ನೀರು ಹೊಯ್ದು, ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದು, ಎಣ್ಣೆ ಸವರಿದ ಮೇಲೆಯೇ ಊಟ. ಹಿಮ್ಮೊದೆತಕ್ಕೆ ಬಲಭುಜ ನೀಲಿಗಟ್ಟಿ ಅಂಗಿ ತೊಡುವುದೂ ಕಷ್ಟವಾಗುತ್ತಿತ್ತು. ಹಿರಿಯ ಮಗನ ಜನ್ಮದಿನ ನೆನಪಿಲ್ಲದ ಆ ಮನುಷ್ಯ ತಮ್ಮ ರೈಫಲಿನ ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ ಹೇಳಿದರು. ಕಾಲೇಜಿನ ಎನ್‌ಸಿಸಿಯಲ್ಲಿ ಅದೇ ರೈಫಲಿನಿಂದ ಐದು ಗುಂಡು ಹಾರಿಸಿದ್ದೆನೆಂಬ ನನ್ನ ಹೆಮ್ಮೆ ಅಂದೇ ಕರಗಿತು.

ಅವರು 1962ರಲ್ಲಿ ಈಶಾನ್ಯ ಗಡಿಗೆ ಹೋದವರು. ಮರಗಟ್ಟಿದ ಬೆರಳುಗಳಿಂದ ಪ್ರತಿ ಗುಂಡಿಗೂ ಬೋಲ್ಟನ್ನು ಎತ್ತಿ, ಎಳೆದು, ತಳ್ಳಿ, ಕೆಳಗೊತ್ತಬೇಕು. ಎದುರಿನವರ ಬಂದೂಕಿಗೆ ಆ ಗೊಡವೆಯೇ ಇರಲಿಲ್ಲ. ‘ನಮಗ ಕಲಿಸಿದ್ದು ಸುಳ್ಳಲ್ರಿ, ಕಲಿಸಿದ ಕಾಲ ಬ್ಯಾರೆ ಇತ್ತು’ ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ರೈಫಲಿನದು ದೋಷವಲ್ಲ. 1907ರಲ್ಲಿ ರೂಪುಗೊಂಡ ಮಾದರಿ ಅದು. ನುರಿತವನು ಮಿನಿಟಿಗೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹಾರಿಸಬಲ್ಲವನಾಗಿದ್ದ. ಆದರೆ ನಮ್ಮ ಕಾಲಾಳುಪಡೆಗೆ ಅರೆಸ್ವಯಂಚಾಲಿತ ರೈಫಲ್ ವ್ಯಾಪಕವಾಗಿ ದೊರೆತದ್ದು ಆ ಯುದ್ಧದ ನಂತರ. ಪೊಲೀಸರ ಕೈಯಲ್ಲಂತೂ ಹಳೆಯದೇ ಉಳಿಯಿತು. 2008ರ ನವೆಂಬರಿನಲ್ಲಿ ಮುಂಬೈ ರೈಲು ನಿಲ್ದಾಣದಲ್ಲಿ ಅದರ ಮಿತಿಯನ್ನು ದೇಶವೇ ಕಂಡಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಅರ್ಥಶಾಸ್ತ್ರ ಓದಿದವನಿಗೆ ಸವಕಳಿ ಎಂಬ ಪದ ಹೊಸದಲ್ಲ. ಆದರೆ ಲೆಕ್ಕದಲ್ಲಿ ಸವೆದುಹೋದ ಸಾಧನವನ್ನು ಮನುಷ್ಯರ ಪ್ರಾಣದ ಬಲದಿಂದ ಇಷ್ಟು ದೀರ್ಘಕಾಲ ನಡೆಸಿದ್ದನ್ನು ಯಾವ ಪಠ್ಯವೂ ನನಗೆ ಕಲಿಸಿರಲಿಲ್ಲ.

1962ರ ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದ ಮೂಲಕ ಕನ್ನಡಕ್ಕೆ ಬಂದಿದೆ. ಅಧಿಕಾರಿಗಳು ಬರೆದಾರು; ಸಿಪಾಯಿ ಬರೆಯುವುದು ಅಪರೂಪ, ಕೇಳಿದರೆ ಹೇಳುತ್ತಾನೆ. ಅಂದು ಇಪ್ಪತ್ತರ ಪ್ರಾಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಮಾಜಿ ಸೈನಿಕರ ವಿವರಗಳು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಇರುತ್ತವೆ. ಕಾಲೇಜುಗಳ ಎನ್‌ಸಿಸಿ ಘಟಕಗಳಿಗೆ ಆ ಹಿರಿಯರ ಒಪ್ಪಿಗೆ ಪಡೆದು ಒಂದು ವರ್ಷದ ಕೆಲಸವಾಗಿ ಇದನ್ನು ವಹಿಸಿದರೆ, ಅವರ ಮಾತುಗಳನ್ನು ಅವರದೇ ಕನ್ನಡದಲ್ಲಿ ಧ್ವನಿಮುದ್ರಿಸಬಹುದು. ಇದಕ್ಕೆ ಹೊಸ ಮಂಡಳಿ ಬೇಡ, ದೊಡ್ಡ ಅನುದಾನವೂ ಬೇಡ. ಬಹುಶಃ ಅದಕ್ಕೇ ಯಾರ ಗಮನವೂ ಇತ್ತ ಹರಿದಿಲ್ಲ. ಕವಾಯತಿನ ಕತೆಗಳಿಂದ ಆರಂಭಿಸಿದರಾಯಿತು, ಯುದ್ಧದ ಮಾತು ತಾನಾಗಿ ಬರುತ್ತದೆ.

ವರ್ಗಾವಣೆಯಾಗಿ ಹಲವು ವರ್ಷಗಳ ನಂತರ ಆ ಊರಿಗೆ ಹೋದಾಗ ವಿಚಾರಿಸಿದೆ, ಅವರು ತೀರಿಕೊಂಡಿದ್ದರು. ಅಂದು ನಾನು ಅವರ ಅರ್ಜಿಯ ಸಂಖ್ಯೆಯನ್ನು ಕಡತದಲ್ಲಿ ನಮೂದಿಸಿದ್ದೆ. ರೈಫಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಲಿಲ್ಲ.