ಆಟ ಮಾಡಿದವರು ಯಾರು?

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸಾಮಾನಿನ ಡಬ್ಬವಿದ್ದರೆ ಅಪ್ಪನಿಗೆ ಹೇಳಿ ಒಮ್ಮೆ ಇಳಿಸಿ ನೋಡಿ. ಹಳದಿ ಪ್ಲಾಸ್ಟಿಕ್ಕಿನ, ಅಂಗೈ ಅಗಲದ ಒಂದು ವಸ್ತು ಸಿಕ್ಕರೂ ಸಿಗಬಹುದು. ಅದಕ್ಕೆ ಅಪ್ಪ ‘ಗೇಮ್ ಕ್ಯಾಸೆಟ್’ ಎನ್ನುತ್ತಾರೆ. ಒಳಗೆ ಟೇಪೇನೂ ಇರುವುದಿಲ್ಲ, ಪುಟ್ಟ ಚಿಪ್ ಅಷ್ಟೆ. ಟಿವಿಗೆ ಜೋಡಿಸಿದ ಪೆಟ್ಟಿಗೆಗೆ ಅದನ್ನು ಸಿಕ್ಕಿಸಬೇಕು. ಆಟ ಬರಲಿಲ್ಲವೋ, ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ನಿಜ ಹೇಳಬೇಕೆಂದರೆ ಸರಿಹೋಗುತ್ತಿದ್ದದ್ದು ಊದಿದ್ದರಿಂದಲ್ಲ, ತೆಗೆದು ಹಾಕಿದ್ದರಿಂದ. ಬಾಯಿಯ ತೇವ ತಗುಲಿ ಪಿನ್ನುಗಳು ಹಾಳಾಗುತ್ತಿದ್ದವು!

ತೊಂಬತ್ತರ ದಶಕದಲ್ಲಿ ನನ್ನ ಮಗನಿಗೆ ಇಂಥದ್ದೊಂದನ್ನು ಎಸ್.ಪಿ. ರಸ್ತೆಯಿಂದ ತಂದುಕೊಟ್ಟಿದ್ದೆ. ಮೇಲೆ 9999 ಆಟಗಳು ಎಂದು ಅಚ್ಚಾಗಿತ್ತು. ಬ್ಯಾಂಕಿನ ಗುಮಾಸ್ತ ಸುಮ್ಮನಿರುತ್ತಾನೆಯೆ? ಒಂದು ಭಾನುವಾರ ಪೆನ್ಸಿಲ್ ಹಿಡಿದು ಟಿಕ್ ಹಾಕುತ್ತ ಕುಳಿತೆ. ಮೂವತ್ತು ದಾಟುವುದರೊಳಗೆ ಮೊದಲನೆಯ ಆಟವೇ ಬೇರೆ ಹೆಸರಿನಲ್ಲಿ ತಿರುಗಿ ಬಂತು. ಆಟ ಮಾಡಿದವರ ಹೆಸರಂತೂ ಕ್ಯಾಸೆಟ್ಟಿನ ಮೇಲೆ ಎಲ್ಲೂ ಇರಲಿಲ್ಲ.

ಅದರಲ್ಲಿದ್ದ ಮೀಸೆಯ ಮಾರಿಯೊ ಜಪಾನಿನ ನಿಂಟೆಂಡೊ ಕಂಪನಿಯವನು. 1985ರಲ್ಲಿ ಬಂದ ಆ ಇಡೀ ಆಟದ ತೂಕ 40 ಕಿಲೋಬೈಟ್. ನನ್ನ ಮೊಬೈಲಿಗೆ ಬೆಳಗಾಗೆದ್ದು ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ಭಾರ. ಜಾಗ ಉಳಿಸಲು ಅವರು ಮೋಡದ ಚಿತ್ರಕ್ಕೇ ಹಸಿರು ಬಣ್ಣ ಹಚ್ಚಿ ಪೊದೆ ಮಾಡಿಬಿಟ್ಟರು. ಇಂಥ ಜಿಪುಣತನ ಕಂಡರೆ ನನಗೆ ಬಹಳ ಗೌರವ.

ನಕಲು ನಮ್ಮಲ್ಲಿಗೆ ಮಾತ್ರ ಬಂದದ್ದಲ್ಲ. ದಕ್ಷಿಣ ಕೊರಿಯಾದಲ್ಲಿ ‘ಜೆಮಿನಾ’ ಎಂಬ ಕಂಪನಿಯಿತ್ತು. ಅವರ ಭಾಷೆಯಲ್ಲಿ ಆ ಮಾತಿಗೆ ‘ಮಜವಾಗಿದೆ’ ಎಂಬ ಅರ್ಥವಂತೆ, ನಮ್ಮ ‘ಮಜಾ’ ಇದ್ದ ಹಾಗೆ. 1987ರ ಜುಲೈವರೆಗೆ ಅಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೆ ರಕ್ಷಣೆ ಕೊಡುವ ಕಾನೂನು ಜಾರಿಯಲ್ಲಿರಲಿಲ್ಲ. ಜಪಾನಿನ ಆಟಗಳನ್ನು ಇದ್ದಂತೆಯೇ ಇಳಿಸಿ ಮಾರುವುದು ಅಲ್ಲಿ ಮಾಮೂಲಾಗಿತ್ತು. ಜೆಮಿನಾದವರು ಮೆಲ್ಲಗೆ ತಾವೇ ಆಟ ಬರೆಯಲು ಶುರುಮಾಡಿದರು. ಅವರ ‘ಸೂಪರ್ ಬಾಯ್’ ನೋಡಿದರೆ ಮಾರಿಯೊನ ದಾಯಾದಿ ಎಂದು ಯಾರಾದರೂ ಹೇಳಿಯಾರು. ಆದರೂ ಇಳಿಸಿಕೊಂಡದ್ದಲ್ಲ, ನೋಡಿಕೊಂಡು ಹೊಸದಾಗಿ ಬರೆದದ್ದು. ಕಾಪಿ ಪುಸ್ತಕದಲ್ಲಿ ತಿದ್ದಿಯೇ ಅಲ್ಲವೆ ನಾವೆಲ್ಲ ಅಕ್ಷರ ಕಲಿತದ್ದು? ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಕೊರಿಯಾ ಮಾತ್ರ ಇಂದು ಆಟ ತಯಾರಿಸುವ ದೊಡ್ಡ ದೇಶಗಳಲ್ಲಿ ಒಂದು.

ಈಗ ನಮ್ಮೂರಿಗೆ ಬರೋಣ. ಮಕ್ಕಳು ಟಿವಿ ಮುಂದೆ ಕ್ಯಾಸೆಟ್ ಊದುತ್ತಿದ್ದ ಕಾಲದಲ್ಲೇ, 1997ರಲ್ಲಿ, ರಾಜೇಶ್ ರಾವ್ ಎಂಬುವರು ಬೆಂಗಳೂರಿನಲ್ಲಿ ‘ಧ್ರುವ ಇಂಟರ್‍ಯಾಕ್ಟಿವ್’ ಶುರುಮಾಡಿದರು. ದೇಶದ ಮೊದಲ ವಿಡಿಯೋ ಗೇಮ್ ಕಂಪನಿ ಎಂದು ಅದಕ್ಕೆ ಹೆಸರು. ತಂದೆಯ ತೊಡೆಯಿಂದ ಇಳಿಸಿದ್ದಕ್ಕೆ ತಪಸ್ಸಿಗೆ ಹೊರಟ ಪುಟ್ಟ ಧ್ರುವನ ಕಥೆ ಅಜ್ಜಿ ಹೇಳಿಯೇ ಇರುತ್ತಾರೆ. ಅಂದಹಾಗೆ, ನಮ್ಮ ಬೆಂಗಳೂರಿನಿಂದ ಧ್ರುವನಕ್ಷತ್ರ ಉತ್ತರ ದಿಗಂತದಿಂದ ಬರೀ 13 ಡಿಗ್ರಿ ಎತ್ತರದಲ್ಲಿರುತ್ತದೆ. ಬಸವೇಶ್ವರನಗರದ ನಮ್ಮ ತಾರಸಿಯಿಂದ ನೋಡಲು ಹೋದರೆ ಎದುರಿನ ಮೂರಂತಸ್ತಿನ ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ.

ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸ ಅವರಿಗೆ ಮೊದಮೊದಲು ಸಿಕ್ಕವುಗಳಲ್ಲಿ ಒಂದು. ಆಮೇಲೆ ಹೆಚ್ಚಾಗಿ ಅವರು ಮಾಡಿದ್ದು ಚಿತ್ರದ ಕೆಲಸ. ಮೈಕ್ರೋಸಾಫ್ಟಿನ ‘ಫೋರ್ಜಾ’ ಕಾರ್ ರೇಸಿನ ಆಟಗಳಲ್ಲಿ ಅವರ ಕೈಯಿದೆ.

ಕಾರನ್ನು ಹೇಗೆ ಮಾಡುತ್ತಾರೆ ಗೊತ್ತೆ? ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ನೆಲದ ಮೇಲಿಡುವ ಚುಕ್ಕಿಗಳನ್ನು ಗಾಳಿಯಲ್ಲಿ ಇಟ್ಟ ಹಾಗೆ: ಒಂದು ಚುಕ್ಕಿ ಬಾನೆಟ್ಟಿನ ಮೂಲೆಗೆ, ಒಂದು ಕನ್ನಡಿಯ ಅಂಚಿಗೆ. ಮೂರು ಮೂರು ಚುಕ್ಕಿ ಸೇರಿಸಿದರೆ ತ್ರಿಕೋನ. ಇಂಥ ಸಾವಿರಾರು ತ್ರಿಕೋನ ಕೂಡಿ ಕಾರಿನ ಮೈ ಆಗುತ್ತದೆ. ಅದರ ಮೇಲೆ ಬಣ್ಣ, ಹೊಳಪು, ಧೂಳು ಅಂಟಿಸುತ್ತಾರೆ. ತ್ರಿಕೋನ ಜಾಸ್ತಿಯಾದರೆ ಯಂತ್ರ ಮುಗ್ಗರಿಸುತ್ತದೆ, ಕಡಿಮೆಯಾದರೆ ಕಾರು ಬೆಂಕಿಪೊಟ್ಟಣದಂತೆ ಕಾಣುತ್ತದೆ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂದು ತಿಳಿದವನೇ ಇಲ್ಲಿ ಒಳ್ಳೆಯ ಕಲಾವಿದ. ಬಿ.ಕಾಂ. ಓದಿದ ನನಗೆ ಈ ಭಾಗ ಬೇಗ ಅರ್ಥವಾಯಿತು.

ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವದ ಬಹುಪಾಲನ್ನು ಕೊಂಡಿತು. ಅದಕ್ಕೇ ಹಣದ ಮುಗ್ಗಟ್ಟು ಬಂದಾಗ, 2019ರಲ್ಲಿ, ತನ್ನ ಪಾಲನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರಿಗೆ ಮಾರಿತು. ಡಾಲರಿಗೆ 70 ರೂಪಾಯಿಯಂತೆ ಹಿಡಿದರೆ ಸುಮಾರು 55 ಕೋಟಿ. ಮುನ್ನೂರಕ್ಕೂ ಹೆಚ್ಚು ಕಲಾವಿದರು ಹೊಸ ಒಡೆಯರ ಬೆಂಗಳೂರು ಕಚೇರಿಯೊಳಗೆ ಸೇರಿದರು. ಧ್ರುವ ಎಂಬ ಬೋರ್ಡು ಇಳಿಯಿತು.

ಕೆಲಸ ಉಳಿಯಿತಲ್ಲ, ಬೋರ್ಡು ಹೋದರೇನು ಎನ್ನಬಹುದು. ಸಂಬಳದ ಮಟ್ಟಿಗೆ ಸರಿಯೇ. ನನಗೆ ಮಾತ್ರ ಒಂದು ಕೊರಗು. ಬೇರೆಯವರ ಆಟಕ್ಕೆ ಕಾರು ಮಾಡಿಕೊಟ್ಟರೆ ತಿಂಗಳ ಹಣ ಬರುತ್ತದೆ. ಸ್ವಂತ ಆಟ ಗೆದ್ದೀತೋ ಬಿದ್ದೀತೋ ಯಾರು ಬಲ್ಲರು? ಬ್ಯಾಂಕಿನಲ್ಲಿ ಕೂತಿದ್ದರೆ ನಾನೂ ಮೊದಲನೆಯದಕ್ಕೇ ಸಾಲ ಕೊಡಿ ಎನ್ನುತ್ತಿದ್ದೆ. ಹಾಗೆ ಎಲ್ಲರೂ ಲೆಕ್ಕ ಹಾಕಿದ್ದರಿಂದಲೇ ನಮ್ಮ ಕಿತ್ತೂರಿನ ಕೋಟೆಯೋ ಕೆಂಪೇಗೌಡರ ಪೇಟೆಯೋ ಇರುವ ದೊಡ್ಡ ಆಟವೊಂದು ಮಕ್ಕಳ ಕೈಗೆ ಇನ್ನೂ ಬಂದಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಉಂಟು. ರಾಜಾಜಿನಗರದ ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳೆಯರ ಮೊಮ್ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಆಟಗಳ ಚಿತ್ರ ಬಿಡಿಸುವುದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ಎರಡು ವಾರದಿಂದ ಊಟದ ಹೊತ್ತಿಗೂ ಮಾತಿಲ್ಲ. “ಮುಚ್ಚಿಹೋಗೋ ಕಂಪನಿಗಳನ್ನ ನಂಬಿಕೊಂಡು ಹುಡುಗ ಏನ್ ಮಾಡ್ತಾನೆ? ಬ್ಯಾಂಕಿನೋರು ನೀವು, ಹೇಳಿ ಸಾರ್” ಎಂದರು. “ನಾನು ಕೆಲಸಕ್ಕೆ ಸೇರಿದಾಗ ಇದ್ದ ಎಷ್ಟು ಬ್ಯಾಂಕಿನ ಹೆಸರು ಈಗ ಉಳಿದಿದೆ ಸ್ವಾಮಿ?” ಎಂದೆ. ನಕ್ಕರು, ಆದರೆ ಒಪ್ಪಲಿಲ್ಲ.

ಹುಡುಗನಿಗೆ ಬೇರೆಯಾಗಿ ಒಂದು ಕೆಲಸ ಕೊಟ್ಟೆ: ಒಂದು ಆಟೋವನ್ನು ಮುಂದೆ, ಹಿಂದೆ, ಎಡ, ಬಲ, ಮೇಲೆ, ಒಳಗೆ, ಆರೂ ಕಡೆಯಿಂದ ಅಳತೆಗೆ ಸರಿಯಾಗಿ ಬಿಡಿಸಿಕೊಂಡು ಬಾ, ತಾತನ ಮುಂದೆ ಇಡೋಣ. ನಾಲ್ಕು ದಿನಕ್ಕೆ ತಂದ. ಚೆನ್ನಾಗಿತ್ತು. ತಾತ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. “ಮೀಟರ್ ಎಲ್ಲೋ?” ಎಂದರು. ಹುಡುಗ ಹಾಳೆ ತೆಗೆದುಕೊಂಡು ಆಟೋ ಸ್ಟ್ಯಾಂಡಿಗೆ ಓಡಿದ.